ಟಂಕಸಾಲೆಯ ತಪ್ಪೋ, ಆಮೇಲೆ ಬಿದ್ದ ಪೆಟ್ಟೋ? ನಾಣ್ಯ ನೋಡಿ ಹೇಳುವುದು ಹೇಗೆ

ಕೆಲವು ವರ್ಷಗಳ ಹಿಂದೆ ಒಂದು ನಾಣ್ಯ ಮೇಳದಲ್ಲಿ 1 ರೂಪಾಯಿಯ ಒಂದು ನಾಣ್ಯಕ್ಕೆ 400 ರೂಪಾಯಿ ಕೊಟ್ಟೆ. ಯಾರೋ ಬಿಸ್ಕತ್ತು ಕಚ್ಚಿದ ಹಾಗೆ ಅದರ ಒಂದು ಬದಿ ಅರ್ಧಚಂದ್ರಾಕಾರವಾಗಿ ಹೋಗಿತ್ತು. "ಮಿಂಟ್ ಎರರ್ ಸಾರ್, ಇಂಥದ್ದು ಮತ್ತೆ ಸಿಗಲ್ಲ" ಅಂದರು ಮಾರಿದವರು. ಅಂದರೆ ನಾಣ್ಯ ತಯಾರಾಗುವ ಟಂಕಸಾಲೆಯಲ್ಲೇ ಆದ ತಪ್ಪು. ಮನೆಗೆ ಬಂದು ಟೇಬಲ್ ಲ್ಯಾಂಪಿನ ಕೆಳಗೆ ಭೂತಗನ್ನಡಿ ಹಿಡಿದು ನೋಡಿದೆ. ಕಚ್ಚಿದ ಜಾಗದ ಗೋಡೆಯ ಮೇಲೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಸಣ್ಣ ಗೀರುಗಳು. ಅರದ ಗುರುತು. ಯಾರೋ ಪುರುಸೊತ್ತಿನಲ್ಲಿ ಕೂತು ಅರ ಹಾಕಿ ಉಜ್ಜಿದ್ದರು. ದುಡ್ಡು ಹೋಗಿದ್ದಕ್ಕಿಂತ, ಏನು ನೋಡಬೇಕು ಎಂದೇ ಗೊತ್ತಿಲ್ಲದೆ ಕೊಂಡೆನಲ್ಲ ಎಂದು ಜಾಸ್ತಿ ಬೇಜಾರಾಯಿತು.

ಅವತ್ತಿನಿಂದ ಕೈಗೆ ಸಿಕ್ಕ ಚಿಲ್ಲರೆಯನ್ನೆಲ್ಲ ನೋಡುತ್ತಾ ಬಂದಿದ್ದೇನೆ. ಹಾಗೆ ನೋಡಿ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಎಲ್ಲ ಹೆಜ್ಜೆಗಳ ಹಿಂದೆಯೂ ಇರುವ ಪ್ರಶ್ನೆ ಒಂದೇ: ಟಂಕಸಾಲೆಯೊಳಗೆ ಇದು ಯಾವ ಹಂತದಲ್ಲಿ ಆಗಿರಲು ಸಾಧ್ಯ? ಆ ಹಂತವನ್ನು ಬೆರಳಿಟ್ಟು ತೋರಿಸಲು ಆದರೆ ಅದು ಮಿಂಟ್ ಎರರ್ ಇರಬಹುದು. ಆಗದಿದ್ದರೆ, ನೋಡಲು ಎಷ್ಟೇ ವಿಚಿತ್ರವಾಗಿರಲಿ, ಅದು ಹೊರಗೆ ಬಂದ ಮೇಲೆ ಆದ ಹಾನಿ.

ಕೈಯಲ್ಲಿ ಏನಿರಬೇಕು

10 ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್, ಅಂದರೆ ವಾಚ್ ರಿಪೇರಿಯವರು, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಭೂತಗನ್ನಡಿ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ಅಗಲ, ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್. ಒಂದು ಅಯಸ್ಕಾಂತ. ಇವಿಷ್ಟರ ಜೊತೆಗೆ ಅದೇ ಬೆಲೆಯ, ಅದೇ ಸರಣಿಯ, ಯಾವ ದೋಷವೂ ಇಲ್ಲದ ಒಂದು ಮಾಮೂಲಿ ನಾಣ್ಯ. ಜನ ಮರೆಯುವುದು ಈ ಕೊನೆಯದನ್ನೇ. ನನ್ನ ಅನುಭವದಲ್ಲಿ ಲೂಪಿಗಿಂತ ಜಾಸ್ತಿ ಕೆಲಸಕ್ಕೆ ಬರುವುದೂ ಅದೇ.

ಬೆಳಕು ನೆತ್ತಿಯ ಮೇಲಿಂದ ಬೀಳಬಾರದು, ಪಕ್ಕದಿಂದ ಓರೆಯಾಗಿ ಬೀಳಬೇಕು. ನಾಣ್ಯವನ್ನು ಬೆರಳುಗಳ ನಡುವೆ ಹಿಡಿದು ನಿಧಾನಕ್ಕೆ ತಿರುಗಿಸಿ. ನೆರಳು ಯಾವ ಕಡೆ ಬೀಳುತ್ತದೆ ಎಂಬುದರಿಂದ ಉಬ್ಬು ಯಾವುದು, ತಗ್ಗು ಯಾವುದು ಎಂದು ಗೊತ್ತಾಗುತ್ತದೆ. ಫೋಟೋದಲ್ಲಿ ಇದು ಮೋಸ ಮಾಡುತ್ತದೆ. ತಗ್ಗಾಗಿ ಇರುವುದು ಉಬ್ಬಿನ ಹಾಗೆ, ಉಬ್ಬು ತಗ್ಗಿನ ಹಾಗೆ ಕಾಣುತ್ತದೆ. ಹಾಗಾಗಿ ಮೊಬೈಲ್ ಫೋಟೋ ಒಂದನ್ನೇ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ.

ಮೊದಲು, ಸರಿಯಾದ ನಾಣ್ಯ ಹೇಗಿರುತ್ತದೆ ಎಂದು ತಿಳಿಯಿರಿ

"ಎರರ್" ಎಂದು ನನ್ನ ಮುಂದೆ ತಂದಿಡುವ ನಾಣ್ಯಗಳಲ್ಲಿ ಎಷ್ಟೋ ಎರರ್ ಕೂಡ ಅಲ್ಲ, ಹಾನಿ ಕೂಡ ಅಲ್ಲ. ಅವು ಇರಬೇಕಾದ್ದೇ ಹಾಗೆ.

ನಮ್ಮ 1 ರೂಪಾಯಿಯನ್ನೇ ತಗೊಳ್ಳಿ. 1992ರಲ್ಲಿ ಬಂದ ಸ್ಟೀಲ್ ನಾಣ್ಯ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ. 2011ರ ಸರಣಿಯದು ಸುಮಾರು 22 ಮಿಲಿಮೀಟರ್, 3.79 ಗ್ರಾಂ. 2019ರದ್ದು 20 ಮಿಲಿಮೀಟರ್, 3.09 ಗ್ರಾಂ. ಮೂರನ್ನೂ ಪಕ್ಕಪಕ್ಕ ಇಟ್ಟರೆ ದೊಡ್ಡಣ್ಣ, ನಡುವಿನವ, ಪುಟ್ಟ ಎನ್ನುವ ಹಾಗಿರುತ್ತವೆ. ಚಿಕ್ಕದು ಕಂಡ ಕೂಡಲೇ "ತಪ್ಪು ಅಳತೆಯ ನಾಣ್ಯ" ಎಂದು ಎತ್ತಿಡುವವರಿದ್ದಾರೆ. 5 ರೂಪಾಯಿಯದು ಇನ್ನೂ ಗೊಂದಲ. 1992ರಿಂದ ಬಂದದ್ದು 9 ಗ್ರಾಂ ತೂಕದ, ದಪ್ಪನೆಯ ತಾಮ್ರ ಮತ್ತು ನಿಕ್ಕಲ್ ಮಿಶ್ರಣ. 2007 ಮತ್ತು 2008ರಲ್ಲಿ ಅದೇ 5 ರೂಪಾಯಿ 6 ಗ್ರಾಂ ತೂಕದ ಸ್ಟೀಲಿನಲ್ಲಿ ಬಂತು. 2009ರಿಂದ ಹಳದಿ ಬಣ್ಣದ ನಿಕ್ಕಲ್ ಹಿತ್ತಾಳೆ. ಹಾಗಾಗಿ ಬಿಳಿ 5 ರೂಪಾಯಿ ಸಿಕ್ಕಿತು ಎಂದು ಕುಣಿಯುವ ಮೊದಲು ಇಸವಿ ನೋಡಬೇಕು.

10 ರೂಪಾಯಿ ನಾಣ್ಯದ ಕಥೆ ನಮಗೆಲ್ಲ ಗೊತ್ತು. ಅಂಗಡಿಯವರು ತಗೊಳ್ಳಲ್ಲ, ಕಂಡಕ್ಟರ್ ತಗೊಳ್ಳಲ್ಲ, ಒಂದರಲ್ಲಿ ರೂಪಾಯಿ ಚಿಹ್ನೆ ಇದೆ, ಇನ್ನೊಂದರಲ್ಲಿ ಇಲ್ಲ, ಒಂದು ನಕಲಿ ಇರಬೇಕು ಎಂಬ ಮಾತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಆವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯ ಎಂದು ಸ್ಪಷ್ಟಪಡಿಸಿತು. ವಿನ್ಯಾಸ ಬೇರೆಯಾಗಿರುವುದು ತಪ್ಪಲ್ಲ.

ಇನ್ನೊಂದು, ಟಂಕಸಾಲೆಯ ಗುರುತು. ಇಸವಿಯ ಕೆಳಗೆ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. "ಗುರುತೇ ಇಲ್ಲದ ಅಪರೂಪದ ನಾಣ್ಯ" ಎಂದು ಮಾರುವುದು ಬಹಳಷ್ಟು ಸಲ ಕೋಲ್ಕತ್ತದ ಮಾಮೂಲಿ ನಾಣ್ಯವನ್ನು.

ನಾಣ್ಯ ಹುಟ್ಟುವುದು ಹೇಗೆ

ಹಬ್ಬದ ದಿನ ಅಮ್ಮ ಪೂರಿ ಮಾಡುವಾಗ ಹಿಟ್ಟನ್ನು ದೊಡ್ಡದಾಗಿ ಲಟ್ಟಿಸಿ, ಲೋಟದ ಬಾಯಿಂದ ಒತ್ತಿ ಒತ್ತಿ ಬಿಲ್ಲೆ ತೆಗೆಯುತ್ತಾರಲ್ವಾ? ಟಂಕಸಾಲೆಯಲ್ಲೂ ಅದೇ. ಲೋಹದ ಉದ್ದನೆಯ ಪಟ್ಟಿಯಿಂದ ಯಂತ್ರ ಬಿಲ್ಲೆಗಳನ್ನು ಕತ್ತರಿಸುತ್ತದೆ. ಆ ಬಿಲ್ಲೆಗಳನ್ನು ಕಾಯಿಸಿ ಮೆದು ಮಾಡುತ್ತಾರೆ, ತೊಳೆಯುತ್ತಾರೆ. ಸುತ್ತಲೂ ಒತ್ತಿ ಅಂಚನ್ನು ಸ್ವಲ್ಪ ಎಬ್ಬಿಸುತ್ತಾರೆ. ನಾಣ್ಯದ ಮುಖದ ಸುತ್ತ ಕಾಣುವ ಆ ಎತ್ತರದ ಕಟ್ಟೆಯೇ ರಿಮ್. ಆಮೇಲೆ ಬಿಲ್ಲೆ ಕಾಲರ್ ಎಂಬ ಗಟ್ಟಿ ಬಳೆಯೊಳಗೆ ಕೂರುತ್ತದೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ಒಂದೇ ಪೆಟ್ಟು. ಎರಡು ಮುಖವೂ ಅಂಚೂ ಒಟ್ಟಿಗೆ ಮೂಡುತ್ತವೆ.

ಆ ಪೆಟ್ಟಿನಲ್ಲಿ ಲೋಹ ಒಂದು ಕ್ಷಣ ಕಣಕದ ಹಾಗೆ ಹರಿಯುತ್ತದೆ. ಅಚ್ಚಿನ ತಗ್ಗುಗಳೊಳಗೆ ನುಗ್ಗಿ ಅಕ್ಷರವಾಗುತ್ತದೆ, ಸಿಂಹವಾಗುತ್ತದೆ. ಹೊರಗೆ ಬಂದ ಮೇಲೆ ಬೀಳುವ ಪೆಟ್ಟಿಗೆ ಸುತ್ತಲೂ ಕಾಲರ್ ಇಲ್ಲ, ಎದುರಿಗೆ ಅಚ್ಚಿಲ್ಲ. ಲೋಹ ಹರಿಯಲ್ಲ, ಪಕ್ಕಕ್ಕೆ ಸರಿಯುತ್ತದೆ ಅಥವಾ ಕಿತ್ತು ಹೋಗುತ್ತದೆ. ಎರಡೂ ಬಿಡುವ ಗುರುತು ಬೇರೆ ಬೇರೆ. ನಾವು ಹುಡುಕುವುದು ಆ ಗುರುತನ್ನೇ.

ಉಬ್ಬೋ, ತಗ್ಗೋ?

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಮರದ ಅಚ್ಚಿನಲ್ಲಿ ಒಂದು ಬಿರುಕು ಬಿಟ್ಟಿತು ಅನ್ನಿ. ಪಾಕ ಆ ಬಿರುಕಿನೊಳಗೂ ಇಳಿಯುತ್ತದೆ. ಹೊರಗೆ ಬಂದ ಸಕ್ಕರೆ ಗಿಳಿಯ ಮೈಮೇಲೆ ಒಂದು ಎತ್ತರದ ಗೆರೆ ಇರುತ್ತದೆ. ಅಚ್ಚಿನಲ್ಲಿ ತಗ್ಗಾದದ್ದು ಸಕ್ಕರೆಯಲ್ಲಿ ಉಬ್ಬು.

ನಾಣ್ಯದಲ್ಲೂ ಹಾಗೇ. ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಕೂದಲೆಳೆಯಂಥ ಉಬ್ಬಿದ ಗೆರೆ ಬರುತ್ತದೆ. ಅದು ಅಕ್ಷರದ ಮೇಲೂ ಖಾಲಿ ಜಾಗದ ಮೇಲೂ ಎಲ್ಲೂ ಕಡಿಯದೆ ಸಾಗುತ್ತದೆ. ಅಚ್ಚಿನ ಅಂಚೇ ಮುರಿದು ಬಿದ್ದರೆ ನಾಣ್ಯದ ರಿಮ್ಮಿಗೆ ಅಂಟಿದ ಹಾಗೆ ನುಣ್ಣಗಿನ ಒಂದು ಗುಡ್ಡೆ ಏಳುತ್ತದೆ. ಸಂಗ್ರಾಹಕರು ಇದನ್ನು ಕಡ್ ಎನ್ನುತ್ತಾರೆ.

ಹೊರಗೆ ಬಿದ್ದ ಗೀರು ಇದರ ತಿರುಗುಮುರುಗು. ಅದು ತಗ್ಗು. ಲೂಪಿನಲ್ಲಿ ನೋಡಿದರೆ ತಗ್ಗಿನ ಎರಡೂ ಬದಿಗೆ ಸರಿದ ಲೋಹ ಸಣ್ಣ ಬದುವಿನ ಹಾಗೆ ಎದ್ದಿರುತ್ತದೆ. ಉತ್ತ ಹೊಲದ ಸಾಲು ನೆನಪಿಸಿಕೊಳ್ಳಿ. ಆ ಬದು ಕಂಡರೆ ಮುಗಿಯಿತು, ಅದು ಹಾನಿ.

ಎರಡು ಕಡೆ ಎಚ್ಚರ ಬೇಕು. ತಗ್ಗಾಗಿದ್ದೂ ಮಿಂಟ್ ಎರರ್ ಆಗಿರುವುದುಂಟು. ಅಚ್ಚಿಗೂ ಬಿಲ್ಲೆಗೂ ನಡುವೆ ಒಂದು ದಾರವೋ, ಲೋಹದ ಚೂರೋ, ಗ್ರೀಸೋ ಸಿಕ್ಕಿಕೊಂಡರೆ ನಾಣ್ಯದಲ್ಲಿ ಅದರ ತಗ್ಗು ಉಳಿಯುತ್ತದೆ. ಆದರೆ ಆಗ ಬದು ಇರಲ್ಲ. ತಗ್ಗಿನ ಅಂಚು ಮೃದುವಾಗಿ ಇಳಿದಿರುತ್ತದೆ. ಹಾಗೆಯೇ ಉಬ್ಬಿದ್ದೆಲ್ಲ ಟಂಕಸಾಲೆಯದ್ದೂ ಅಲ್ಲ. ಬೆಸುಗೆಯ ಹನಿ ಬಿದ್ದ ನಾಣ್ಯದಲ್ಲೂ ಗುಡ್ಡೆ ಇರುತ್ತದೆ. ಅದರ ಬಣ್ಣ ಬೇರೆ, ಅದು ಅಕ್ಷರದ ಮೇಲೆ ಕೂತಿರುತ್ತದೆ, ಅಕ್ಷರದೊಳಗಿಂದ ಬಂದಿರಲ್ಲ.

ತಿರುಗಿಸಿ ಹಿಂಬದಿ ನೋಡಿ, ಆಮೇಲೆ ಅಂಚು ನೋಡಿ

ನಾಣ್ಯ ಒಂದೇ ಪೆಟ್ಟಿಗೆ ಎರಡೂ ಕಡೆ ಮೂಡುತ್ತದೆ ಎಂದೆನಲ್ಲ. ಹಾಗಾಗಿ ಒಂದು ಮುಖದಲ್ಲಿ ದೊಡ್ಡ ಎಡವಟ್ಟಾದರೆ ಅದರ ನೇರ ಹಿಂಬದಿಯಲ್ಲೂ ಏನಾದರೂ ಸುಳಿವು ಇರಲೇಬೇಕು. ಕಡ್ ಇರುವ ಜಾಗದ ಹಿಂಬದಿಯಲ್ಲಿ ಅಕ್ಷರ ಮಸುಕಾಗಿರುತ್ತದೆ, ಏಕೆಂದರೆ ಲೋಹ ಮುರಿದ ಅಚ್ಚಿನ ಗುಂಡಿಗೆ ಹರಿದು ಹೋಗಿ ಈ ಕಡೆ ತುಂಬಲು ಸಾಲದೆ ಬಂತು. ಮುಂದೆ ಗುಡ್ಡೆ ಇದ್ದು ಹಿಂದೆ ಅಕ್ಷರಗಳೆಲ್ಲ ಚೂಪಾಗಿದ್ದರೆ ನನಗೆ ಅನುಮಾನ ಶುರುವಾಗುತ್ತದೆ.

ಸುತ್ತಿಗೆಯಲ್ಲಿ ಹೊಡೆದ ನಾಣ್ಯದ ಹಿಂಬದಿ ಬೇರೆ ಕಥೆ ಹೇಳುತ್ತದೆ. ಅಲ್ಲಿ ಅಕ್ಷರಗಳ ತಲೆ ಚಪ್ಪಟೆಯಾಗಿ, ಕಲ್ಲಿನದೋ ಸಿಮೆಂಟಿನದೋ ತರಿ ಅಚ್ಚಾಗಿರುತ್ತದೆ.

ಅಂಚನ್ನು, ಅಂದರೆ ನಾಣ್ಯದ ದಪ್ಪ ಕಾಣುವ ಬದಿಯನ್ನು, ಜನ ನೋಡುವುದೇ ಇಲ್ಲ. ಇಕ್ಕಳದ ಹಲ್ಲಿನ ಗುರುತು, ಅರದ ಗೀರು, ಬೆಸುಗೆ ಕಿತ್ತ ಕಲೆ ಎಲ್ಲ ಸಿಗುವುದು ಅಲ್ಲೇ.

ಕಚ್ಚಿದಂಥ ನಾಣ್ಯ: ಕ್ಲಿಪ್

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅತಿ ಜಾಸ್ತಿ ನಕಲು ಮಾಡುವುದು ಇದನ್ನೇ, ಅತಿ ಸುಲಭವಾಗಿ ಕಂಡುಹಿಡಿಯಬಹುದಾದದ್ದೂ ಇದೇ.

ಮತ್ತೆ ಪೂರಿಗೆ ಬನ್ನಿ. ಲೋಟವನ್ನು ಒಂದು ಕಡೆ ಒತ್ತಿ ಬಿಲ್ಲೆ ತೆಗೆದಿರಿ. ಮುಂದಿನ ಸಲ ಲೋಟ ಸ್ವಲ್ಪ ಹಿಂದಕ್ಕೆ ಬಂದು ಹಳೆಯ ತೂತಿನ ಮೇಲೆ ಅರ್ಧ ಕೂತರೆ? ಆ ಪೂರಿಗೆ ಒಂದು ಕಚ್ಚು ಬೀಳುತ್ತದೆ. ಪಟ್ಟಿ ಸರಿಯಾಗಿ ಮುಂದೆ ಸಾಗದಿದ್ದಾಗ ಟಂಕಸಾಲೆಯಲ್ಲೂ ಹೀಗಾಗುತ್ತದೆ. ನೆನಪಿಡಿ, ಇದು ಅಚ್ಚು ಬೀಳುವ ಮೊದಲಿನ ತಪ್ಪು. ಕಚ್ಚು ಬಿದ್ದ ಬಿಲ್ಲೆಯೇ ರಿಮ್ ಎಬ್ಬಿಸುವ ಯಂತ್ರಕ್ಕೆ ಹೋಗುತ್ತದೆ, ಆಮೇಲೆ ಅಚ್ಚಿನ ಕೆಳಗೆ ಬರುತ್ತದೆ. ನಿಜವಾದ ಕ್ಲಿಪ್ಪಿನ ಎಲ್ಲ ಲಕ್ಷಣಗಳೂ ಇದರಿಂದಲೇ ಹುಟ್ಟುತ್ತವೆ.

ಮೇಳದ ಆ ನಾಣ್ಯವಾದ ಮೇಲೆ ಎರಡು ವರ್ಷಕ್ಕೆ ನಮ್ಮ ಬೀದಿಯ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ನನಗೆ ಒಂದು ನಿಜವಾದ ಕ್ಲಿಪ್ ಸಿಕ್ಕಿತು. ಎರಡೂ 2011ರ ಸರಣಿಯ 1 ರೂಪಾಯಿ. ಎರಡನ್ನೂ ಬಿಳಿ ಕಾಗದದ ಮೇಲೆ ಸಿಂಹವಿರುವ ಮುಖ ಮೇಲೆ ಮಾಡಿ ಇಟ್ಟು ನೋಡಿದೆ.

ಗಲ್ಲಾಪೆಟ್ಟಿಗೆಯದರಲ್ಲಿ ಕಚ್ಚು ಬಲಗಡೆ, ಇಂಗ್ಲಿಷಿನಲ್ಲಿ 'ಇಂಡಿಯಾ' ಎಂದಿರುವ ಕಡೆ. ಕಚ್ಚಿನ ಹತ್ತಿರದ ಅಕ್ಷರ ಅಲ್ಲಿಗೆ ಬರುತ್ತಾ ಬರುತ್ತಾ ಅಗಲವಾಗಿ, ತೆಳುವಾಗಿ, ಕಚ್ಚಿನ ಕಡೆಗೆ ವಾಲಿ ಕರಗಿಹೋಗಿದೆ. ಅಲ್ಲಿ ತಡೆಯಲು ಲೋಹವೂ ಇರಲಿಲ್ಲ, ಕಾಲರೂ ತಾಗುತ್ತಿರಲಿಲ್ಲ, ಹಾಗಾಗಿ ಪೆಟ್ಟು ಬಿದ್ದಾಗ ಲೋಹ ಖಾಲಿ ಜಾಗಕ್ಕೆ ಹರಿಯಿತು. ಮೇಳದ ನಾಣ್ಯದಲ್ಲಿ ಅಕ್ಷರ ಕೊನೆಯವರೆಗೂ ಗಟ್ಟಿಯಾಗಿ, ಅದೇ ಎತ್ತರದಲ್ಲಿ ಬಂದು ಚಾಕು ಹಾಕಿದ ಹಾಗೆ ತಟ್ಟನೆ ನಿಲ್ಲುತ್ತದೆ.

ಈಗ ಕಚ್ಚಿನ ನೇರ ಎದುರು, ಎಡಗಡೆಯ ರಿಮ್ ನೋಡಿ, 'ಭಾರತ್' ಎಂದಿರುವ ಕಡೆ. ಗಲ್ಲಾಪೆಟ್ಟಿಗೆಯ ನಾಣ್ಯದಲ್ಲಿ ಅಷ್ಟು ಉದ್ದ ರಿಮ್ ಮಂಕಾಗಿದೆ, ಬಹುತೇಕ ಇಲ್ಲವೇ ಇಲ್ಲ. ರಿಮ್ ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡು ಬದಿಯಿಂದ ಒತ್ತಿ ಉರುಳಿಸುತ್ತದೆ. ಒಂದು ಬದಿಗೆ ಕಚ್ಚು ಬಂದಾಗ ಎದುರು ಬದಿಗೂ ಒತ್ತಡ ಸಿಗಲ್ಲ. ಸಂಗ್ರಾಹಕರು ಇದನ್ನು ಬ್ಲೇಕ್ಸ್‌ಲಿ ಪರಿಣಾಮ ಎನ್ನುತ್ತಾರೆ. ಪ್ರತಿ ನಿಜವಾದ ಕ್ಲಿಪ್ಪಿನಲ್ಲೂ ಇದು ಎದ್ದು ಕಾಣಲೇಬೇಕು ಎಂದೇನಿಲ್ಲ, ಆದರೆ ಕಂಡರೆ ದೊಡ್ಡ ಬಲ. ಮೇಳದ ನಾಣ್ಯದಲ್ಲಿ ಎದುರಿನ ರಿಮ್ ಉಳಿದೆಲ್ಲ ಕಡೆಯಷ್ಟೇ ದಪ್ಪ.

ಮೂರನೆಯದು ಕಚ್ಚಿನ ಬಾಗು. ಅದೇ ಅಳತೆಯ ಇನ್ನೊಂದು ನಾಣ್ಯವನ್ನು ಕಚ್ಚಿನೊಳಗೆ ಕೂರಿಸಿ. ಅದೇ ಲೋಟದಿಂದ ಬಿದ್ದ ತೂತಾದ್ದರಿಂದ ಬಾಗು ಹೆಚ್ಚುಕಮ್ಮಿ ಸರಿಹೊಂದಬೇಕು. ನನ್ನ ಅರದ ನಾಣ್ಯದ ಬಾಗು ತುಂಬಾ ಚಿಕ್ಕದು, ದುಂಡಗಿನ ಅರದ ಅಳತೆಯದು. ಪಟ್ಟಿಯ ತುದಿಯಲ್ಲಿ ಕತ್ತರಿಸಿದ ಬಿಲ್ಲೆಗೆ ಕಚ್ಚು ನೇರವಾಗಿಯೇ ಇರುತ್ತದೆ, ಅಲ್ಲಿ ಈ ಪರೀಕ್ಷೆ ನಡೆಯಲ್ಲ, ಉಳಿದವು ನಡೆಯುತ್ತವೆ.

ಜರುಗಿದ, ಅಗಲವಾದ, ತಿರುಗಿದ ಅಚ್ಚು

ಬಿಲ್ಲೆ ಸರಿಯಾಗಿ ಕೂರದೆ ಅಚ್ಚು ಒಂದು ಕಡೆಗೆ ಬಿದ್ದರೆ ಅದು ಆಫ್ ಸೆಂಟರ್. ಒಂದು ಕಡೆ ಚಿತ್ರ ಕತ್ತರಿಸಿಹೋಗಿ, ಇನ್ನೊಂದು ಕಡೆ ಬೋಳು ಜಾಗ ಉಳಿಯುತ್ತದೆ. ಆ ಬೋಳು ಜಾಗ ಹಿಂದೆ ಮುಂದೆ ಎರಡೂ ಕಡೆ ಒಂದೇ ಸ್ಥಳದಲ್ಲಿ ಇರಬೇಕು. ಒಂದೇ ಮುಖದಲ್ಲಿ ಬೋಳಾಗಿ, ಹಿಂಬದಿಯಲ್ಲಿ ಚಿತ್ರ ಪೂರ್ತಿ ಇದ್ದರೆ ಯಾರೋ ಉಜ್ಜಿರಬಹುದು. ಉಜ್ಜಿದ್ದರೆ ಅಲ್ಲಿ ದಪ್ಪ ಅಳೆದಾಗ ಕಡಿಮೆ ಬರುತ್ತದೆ.

ಕಾಲರ್ ಇಲ್ಲದೆ ಅಚ್ಚಾದರೆ ನಾಣ್ಯ ಸುತ್ತಲೂ ಹರಡಿ ಅಗಲವಾಗುತ್ತದೆ. ಇದು ಬ್ರಾಡ್ ಸ್ಟ್ರೈಕ್. ಅಗಲವಾದರೂ ಅಕ್ಷರ, ಚಿತ್ರ ಚೂಪಾಗಿರುತ್ತವೆ, ತೂಕ ಸರಿಯಾಗಿರುತ್ತದೆ, ಅಂಚಿನಲ್ಲಿ ಗೆರೆ ಇರಬೇಕಾದ ನಾಣ್ಯದಲ್ಲಿ ಗೆರೆ ಇರಲ್ಲ. ಚಿಕ್ಕಂದಿನಲ್ಲಿ ರೈಲು ಹಳಿಯ ಮೇಲೆ ನಾಣ್ಯ ಇಟ್ಟು ಕಾದವರಿಗೆ ಅಗಲವಾದ ಇನ್ನೊಂದು ಬಗೆ ಗೊತ್ತು. ಅದರಲ್ಲಿ ಚಿತ್ರವೂ ಚಪ್ಪಟೆ. ಆಕಾರವೂ ಒಂದೇ ಕಡೆಗೆ ಎಳೆದ ಹಾಗೆ ಉದ್ದವಾಗಿರುತ್ತದೆ.

ತಿರುಗಿದ ಅಚ್ಚು ನೋಡುವುದು ಸುಲಭ. ಸಿಂಹವನ್ನು ನೆಟ್ಟಗೆ ನಿಲ್ಲಿಸಿ, ಪುಸ್ತಕದ ಹಾಳೆ ಮಗುಚುವ ಹಾಗೆ ಎಡದಿಂದ ಬಲಕ್ಕೆ ತಿರುಗಿಸಿ. ನಮ್ಮ ಈಗಿನ ನಾಣ್ಯಗಳಲ್ಲಿ ಹಿಂಬದಿಯೂ ನೆಟ್ಟಗೇ ಬರಬೇಕು. ಓರೆಯಾಗಿ ಅಥವಾ ತಲೆಕೆಳಗಾಗಿ ಬಂದರೆ ಅಚ್ಚು ತಿರುಗಿದೆ. ಹೊರಗೆ ಯಾರೂ ಇದನ್ನು ಸುಮ್ನೆ ಸುತ್ತಿಗೆ ಹಿಡಿದು ಮಾಡಲು ಆಗಲ್ಲ. ಹೊಸಬರಿಗೆ ನಾನು ಮೊದಲು ಹುಡುಕಲು ಹೇಳುವುದು ಇದನ್ನೇ. ನಾಲ್ಕೈದು ಡಿಗ್ರಿಯ ಓರೆ ಲೆಕ್ಕಕ್ಕಿಲ್ಲ, ಕಣ್ಣಿಗೆ ರಾಚುವಷ್ಟು ಇರಬೇಕು.

ಕನ್ನಡಿಯ ಹಾಗೆ ತಿರುವುಮುರುವಾದ ಚಿತ್ರ

ಅಚ್ಚಾದ ನಾಣ್ಯ ಕೆಳಗೆ ಬೀಳದೆ ಅಚ್ಚಿಗೇ ಅಂಟಿಕೊಂಡು, ಅದರ ಮೇಲೆ ಮುಂದಿನ ಬಿಲ್ಲೆ ಬಂದರೆ, ಬಿಲ್ಲೆಯ ಒಂದು ಮುಖಕ್ಕೆ ಅಚ್ಚಿನ ಬದಲು ಆ ನಾಣ್ಯವೇ ಒತ್ತುತ್ತದೆ. ಆಗ ಒಂದು ಕಡೆ ಸಿಂಹ ಎಂದಿನಂತೆ ಉಬ್ಬಿರುತ್ತದೆ, ಇನ್ನೊಂದು ಕಡೆ ಅದೇ ಸಿಂಹ ತಗ್ಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಇರುತ್ತದೆ. ಬ್ರಾಕೇಜ್ ಎನ್ನುವ ಈ ದೋಷಕ್ಕೆ ಒಳ್ಳೆಯ ಬೆಲೆ ಬರುತ್ತದೆ. ಅದಕ್ಕೇ ನಕಲೂ ಜಾಸ್ತಿ.

ನಕಲು ಮಾಡುವುದು ಹೀಗೆ: ಎರಡು ನಾಣ್ಯವನ್ನು ಒಂದರ ಮೇಲೊಂದು ಇಟ್ಟು ವಸ್ತುವನ್ನು ಬಿಗಿಹಿಡಿಯುವ ಬೆಂಚ್ ವೈಸಿನಲ್ಲಿ ಬಿಗಿಯುವುದು ಅಥವಾ ಸುತ್ತಿಗೆಯಲ್ಲಿ ಹೊಡೆಯುವುದು. ಆಗಲೂ ತಿರುವುಮುರುವಾದ ತಗ್ಗು ಮೂಡುತ್ತದೆ. ಹಾಗಾಗಿ ಕನ್ನಡಿ ಹಿಡಿದು ಓದಲು ಬಂತು ಎಂಬುದೊಂದೇ ಸಾಕ್ಷಿಯಲ್ಲ. ನೋಡಬೇಕಾದ್ದು ಬೇರೆ. ಆ ಮುಖದಲ್ಲಿ ಮೊದಲಿದ್ದ ಚಿತ್ರ ಇನ್ನೂ ಉಳಿದಿದೆಯಾ? ನಿಜವಾದ ಬ್ರಾಕೇಜಿನಲ್ಲಿ ಆ ಮುಖಕ್ಕೆ ಅಚ್ಚು ತಾಗಿಯೇ ಇಲ್ಲ. ಬೆಲೆಯ ಅಂಕಿ, ಇಸವಿ ಯಾವುದರ ಕುರುಹೂ ಇರಬಾರದು. ವೈಸಿನ ನಾಣ್ಯದಲ್ಲಿ ತಗ್ಗಾದ ಸಿಂಹದ ಆಚೀಚೆ ಹಳೆಯ '1' ಚಪ್ಪಟೆಯಾಗಿ ಇಣುಕುತ್ತಿರುತ್ತದೆ. ತಿರುಗಿಸಿದರೆ ಹಿಂಬದಿಯೂ ಜಜ್ಜಿರುತ್ತದೆ.

ಎರಡೆರಡು ಕಾಣುವ ಅಕ್ಷರ

"ಡಬಲ್ ಪ್ರಿಂಟ್" ಎಂದು ಮಾರುವ ನಾಣ್ಯಗಳಲ್ಲಿ ನಾನು ಕಂಡ ಬಹುಪಾಲು ಮೆಷಿನ್ ಡಬ್ಲಿಂಗ್. ಪೆಟ್ಟು ಬಿದ್ದು ಅಚ್ಚು ಹಿಂದಕ್ಕೆ ಹೋಗುವಾಗ ಸ್ವಲ್ಪ ಅಲುಗಿ ಅಕ್ಷರದ ಬದಿಯನ್ನು ಸವರಿಕೊಂಡು ಹೋಗುತ್ತದೆ. ಲೂಪಿನಲ್ಲಿ ಅಕ್ಷರದ ಪಕ್ಕ ಒಂದು ಚಪ್ಪಟೆ ಮೆಟ್ಟಿಲು ಕಾಣುತ್ತದೆ, ಮೂಲ ಅಕ್ಷರ ಸಣಕಲಾಗುತ್ತದೆ. ಇದು ಟಂಕಸಾಲೆಯೊಳಗೆ ಆದದ್ದೇ, ಆದರೆ ತೀರಾ ಸಾಮಾನ್ಯ, ಜಾಸ್ತಿ ಬೆಲೆ ಕೊಡಬಾರದು. ಅಚ್ಚನ್ನು ತಯಾರಿಸುವಾಗಲೇ ಎರಡು ಸಲ ಮೂಡಿದ್ದರೆ ಎರಡನೇ ಅಕ್ಷರಕ್ಕೂ ತನ್ನದೇ ದುಂಡು, ತನ್ನದೇ ಎತ್ತರ ಇರುತ್ತದೆ. ಅಕ್ಷರದ ತುದಿಗಳು ಕವಲೊಡೆದಿರುತ್ತವೆ. ಅದೇ ಅಚ್ಚಿನಿಂದ ಬಂದ ಎಲ್ಲ ನಾಣ್ಯದಲ್ಲೂ ಅದು ಹಾಗೇ ಇರುತ್ತದೆ.

ಅಕ್ಷರ ಅಥವಾ ಅಂಕಿ ಕಾಣೆಯಾಗಿದ್ದರೆ ಅಚ್ಚಿನ ತಗ್ಗಿನಲ್ಲಿ ಗ್ರೀಸ್ ತುಂಬಿಕೊಂಡಿರಬಹುದು. ಆಗ ಆ ಜಾಗದ ಹೊಳಪು ಸುತ್ತಲಿನಂತೆಯೇ ಇರುತ್ತದೆ. ಕೆರೆದು ತೆಗೆದಿದ್ದರೆ ಓರೆ ಬೆಳಕಿನಲ್ಲಿ ಗೀರು ಕಾಣುತ್ತದೆ, ಜಾಗ ಸ್ವಲ್ಪ ಕುಳಿಬಿದ್ದಿರುತ್ತದೆ.

10 ಮತ್ತು 20 ರೂಪಾಯಿಯ ಎರಡು ಲೋಹದ ನಾಣ್ಯ

ಇಲ್ಲಿ ಒಂದೇ ಪರೀಕ್ಷೆ ಬಹಳಷ್ಟು ನಕಲನ್ನು ಹಿಡಿದುಕೊಡುತ್ತದೆ. ಹೊರಬಳೆ ಮತ್ತು ನಡುಬಿಲ್ಲೆ ಎರಡೂ ಒಂದೇ ಪೆಟ್ಟಿಗೆ, ಒಂದೇ ಅಚ್ಚಿನ ಕೆಳಗೆ ಮೂಡುತ್ತವೆ. ಆ ಪೆಟ್ಟಿನಲ್ಲೇ ಅವು ಒಂದಕ್ಕೊಂದು ಬೆಸೆದುಕೊಳ್ಳುವುದು. ಹಾಗಾಗಿ ನಡುವಿನ ಸಿಂಹ ನೆಟ್ಟಗಿದ್ದಾಗ ಬಳೆಯ ಮೇಲಿನ ಅಕ್ಷರಗಳೂ ತಮ್ಮ ಜಾಗದಲ್ಲೇ ಇರಬೇಕು. ಸಿಂಹ ಮಾತ್ರ ಓರೆಯಾಗಿ ನಿಂತಿದ್ದರೆ ಯಾರೋ ನಡುಬಿಲ್ಲೆಯನ್ನು ಹೊಡೆದು ತೆಗೆದು ಮತ್ತೆ ಕೂರಿಸಿದ್ದಾರೆ. ಟಂಕಸಾಲೆಯಲ್ಲಿ ಹಾಗಾಗಲು ದಾರಿಯೇ ಇಲ್ಲ.

ನಡುಬಿಲ್ಲೆ ಇಲ್ಲದ ಬರೀ ಬಳೆ ಸಿಕ್ಕರೆ ಒಳಗೋಡೆ ನೋಡಿ. ಬಿಲ್ಲೆ ಇಲ್ಲದೆಯೇ ಅಚ್ಚಾಗಿದ್ದರೆ ಬಳೆಯ ಲೋಹ ಒಳಗೆ ಹರಿದು ತೂತು ಚಿಕ್ಕದಾಗಿರುತ್ತದೆ, ಅದರ ಬಾಯಿ ದುಂಡಗಿರುತ್ತದೆ. ಆಮೇಲೆ ಕಿತ್ತದ್ದಾದರೆ ಗೋಡೆ ನೇರ, ಚೂಪು, ಜೊತೆಗೆ ಉಳಿಯ ಗುರುತು.

ಬಣ್ಣ ಬದಲಾದ, ಹಗುರವಾದ ನಾಣ್ಯ

ಹಳದಿ 5 ರೂಪಾಯಿ ಕೆಂಪಗಾಗಿದೆಯೇ? ಆಮ್ಲ ತಾಗಿದರೆ ಹಿತ್ತಾಳೆಯ ಸತು ಹೋಗಿ ತಾಮ್ರದ ಬಣ್ಣ ಮೇಲೆ ಬರುತ್ತದೆ. ಬಂಗಾರದ ಬಣ್ಣದ 1 ರೂಪಾಯಿ ಬಹುತೇಕ ಪೂಜೆಗೋ ಉಡುಗೊರೆಗೋ ಮುಲಾಮು, ಅಂದರೆ ಬಂಗಾರದ ಬಣ್ಣದ ಲೇಪ, ಹಾಕಿಸಿದ್ದು. ಅಯಸ್ಕಾಂತ ಹಿಡಿಯಿರಿ. ನಮ್ಮ ಸ್ಟೀಲ್ ನಾಣ್ಯಗಳು ಅಂಟುತ್ತವೆ, ಹಿತ್ತಾಳೆಯವು ಅಂಟಲ್ಲ. ಮೈ ಹಳದಿ, ಆದರೆ ಅಂಟುತ್ತದೆ, ತೂಕ 2011ರ ಸರಣಿಯ 1 ರೂಪಾಯಿಯ 3.79 ಗ್ರಾಂಗಿಂತ ಕೂದಲಷ್ಟು ಜಾಸ್ತಿ ಎಂದರೆ ಮುಲಾಮು. ಬೇರೆ ನಾಣ್ಯದ ಬಿಲ್ಲೆಯ ಮೇಲೆ ಅಚ್ಚಾಗಿದೆ ಎನ್ನಬೇಕಾದರೆ ಲೋಹ, ತೂಕ, ಅಗಲ ಮೂರೂ ಆ ಬೇರೆ ನಾಣ್ಯಕ್ಕೆ ಹೊಂದಬೇಕು. ಇಲ್ಲೂ ಒಂದು ಸೂಕ್ಷ್ಮ ಇದೆ. 2011ರ 2 ರೂಪಾಯಿಯೂ 25 ಮಿಲಿಮೀಟರ್, 4.85 ಗ್ರಾಂ, ಹಳೆಯ 1 ರೂಪಾಯಿಯ ಅಳತೆಯೇ. ತಕ್ಕಡಿಯೊಂದನ್ನೇ ನಂಬಿದರೆ ದಾರಿ ತಪ್ಪಬಹುದು.

ತೂಕ ಕಡಿಮೆ, ಅಗಲವೂ ಕಡಿಮೆ, ಅಕ್ಷರ ನೆನೆಸಿದ ಸೋಪಿನ ಹಾಗೆ ಕರಗಿದೆ ಎಂದರೆ ಆಮ್ಲ. ತೂಕ ಕಡಿಮೆ ಇದ್ದೂ ಅಗಲ ಸರಿಯಾಗಿದ್ದರೆ, ಮೈಮೇಲೆ ಉಜ್ಜಿದ ಗುರುತೂ ಇಲ್ಲದಿದ್ದರೆ, ಬಿಲ್ಲೆಯೇ ತೆಳ್ಳಗಿತ್ತೇನೋ ಎಂದು ಯೋಚಿಸಬಹುದು.

ಹಳೆಯ ಕಾಸಿಗೆ ಈ ಅಳತೆಗೋಲು ಹಿಡಿಯಬೇಡಿ

ಟಿಪ್ಪುವಿನ ಆನೆ ಕಾಸು, ವಿಜಯನಗರದ ಚಿಕ್ಕ ತಾಮ್ರದ ನಾಣ್ಯ ಇವೆಲ್ಲ ಕೈಯಲ್ಲಿ ಸುತ್ತಿಗೆಯಿಂದ ಹೊಡೆದು ಮೂಡಿಸಿದವು. ಬಹಳಷ್ಟು ಸಲ ಬಿಲ್ಲೆಗಿಂತ ಅಚ್ಚೇ ದೊಡ್ಡದು. ಆನೆಯ ಸೊಂಡಿಲೋ ಬಾಲವೋ ಹೊರಗೆ ಉಳಿಯುವುದು ಅವುಗಳಲ್ಲಿ ಮಾಮೂಲಿ. ಅದನ್ನು ಆಫ್ ಸೆಂಟರ್ ಎರರ್ ಎಂದು ಜಾಸ್ತಿ ಬೆಲೆಗೆ ಮಾರುವುದು ಅನ್ಯಾಯ. ಹಳೆಯ ಬೆಳ್ಳಿ ರೂಪಾಯಿಗಳ ಮೇಲೆ ಸರಾಫರು ಬೆಳ್ಳಿಯ ಗುಣ ನೋಡಲು ಒತ್ತಿದ ಪುಟ್ಟ ಗುರುತುಗಳಿರುತ್ತವೆ. ಅವು ಟಂಕಸಾಲೆಯಿಂದ ಬಂದವಲ್ಲ, ಆದರೆ ನನಗೆ ಅವುಗಳ ಮೇಲೆ ಪ್ರೀತಿ. ಆ ನಾಣ್ಯ ಎಷ್ಟು ಕೈ ದಾಟಿತು ಎಂಬುದಕ್ಕೆ ಅವೇ ಸಾಕ್ಷಿ.

ತೂತಿನ ಕಾಸು ಗೊತ್ತಲ್ವಾ? 1943ರಿಂದ 1947ರವರೆಗೆ ಬಂದ ಕಂಚಿನ ನಾಣ್ಯ. ಅದರಲ್ಲಿ ತೂತು ವಿನ್ಯಾಸದ್ದೇ ಭಾಗ, ಅಕ್ಷರಗಳು ಅದನ್ನು ಸುತ್ತಿ ನಿಂತಿವೆ, ಒಂದೂ ಕತ್ತರಿಸಿಲ್ಲ. ತಾಳಿಯ ಜೊತೆ ಪೋಣಿಸಲೋ ಹೊಸ್ತಿಲಿಗೆ ಮೊಳೆ ಹೊಡೆಯಲೋ ಕೊರೆದ ತೂತು ಚಿತ್ರವನ್ನೋ ಅಕ್ಷರವನ್ನೋ ಕಡಿದೇ ಹೋಗಿರುತ್ತದೆ. ಕಾಸಿನ ಸರದಿಂದ ಬಿಡಿಸಿದ ರೂಪಾಯಿಯಲ್ಲಿ ತೂತು ಇಲ್ಲದಿದ್ದರೂ ಮೇಲ್ಗಡೆ ಅಂಚಿನಲ್ಲಿ ಬೆಸುಗೆಯ ಕಲೆ ಹುಡುಕಿ.

ಕೊಳ್ಳುವಾಗ, ಮಾರುವಾಗ, ಇಡುವಾಗ

ಸಿಕ್ಕ ನಾಣ್ಯವನ್ನು ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ಪುಡಿ ಹಾಕಿ ಉಜ್ಜಲೇಬೇಡಿ. ಮಣ್ಣಿದ್ದರೆ ನೀರಿನಲ್ಲಿ ತೊಳೆದು ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಉಜ್ಜಿದ ನಾಣ್ಯದಲ್ಲಿ ನಾವು ಹುಡುಕುವ ಸೂಕ್ಷ್ಮ ಗುರುತುಗಳೇ ಅಳಿಸಿಹೋಗುತ್ತವೆ. ನಿಜವಾದ ಎರರ್ ಕೂಡ ಅನುಮಾನಕ್ಕೆ ಬೀಳುತ್ತದೆ. ಪ್ರಯೋಗಕ್ಕೆಂದು ನಾಣ್ಯ ಕತ್ತರಿಸುವುದು, ಕರಗಿಸುವುದು ಮಾಡಬೇಡಿ, 2011ರ ನಾಣ್ಯ ಕಾಯ್ದೆಯಲ್ಲಿ ಅದು ಅಪರಾಧ.

"ನಿಮ್ಮ ಹಳೆ ನಾಣ್ಯಕ್ಕೆ ಲಕ್ಷ ಲಕ್ಷ, ರಿಸರ್ವ್ ಬ್ಯಾಂಕ್ ಶುಲ್ಕ ಕಟ್ಟಿ" ಎಂಬ ಸಂದೇಶ ಬಂದರೆ ಒಂದು ಪೈಸೆಯನ್ನೂ ಕಳಿಸಬೇಡಿ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ. ಅದು ಇಂಥ ವ್ಯವಹಾರ ಮಾಡಲ್ಲ, ಇದಕ್ಕಾಗಿ ಶುಲ್ಕವನ್ನೋ ಕಮಿಷನ್ನನ್ನೋ ಕೇಳಲ್ಲ.

ಕೊಳ್ಳುವಾಗ ಸಿಂಹದ ಮುಖ, ಬೆಲೆಯ ಮುಖ, ಅಂಚು ಮೂರರದ್ದೂ ಫೋಟೋ ಕೇಳಿ, ತೂಕ ಕೇಳಿ. ಅಂಚಿನ ಫೋಟೋ ಕೊಡಲು ತಡಮಾಡುವವರ ಹತ್ತಿರ ನಾನು ಕೊಳ್ಳುವುದಿಲ್ಲ. ನಾಣ್ಯವನ್ನು ಇಟ್ಟ ಲಕೋಟೆಯ ಮೇಲೆ ಕಂಡದ್ದನ್ನು ಅವತ್ತೇ ಬರೆದಿಡಿ, ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದೇ ಬರೆಯಿರಿ. ಗಲ್ಲಾಪೆಟ್ಟಿಗೆಯ ನನ್ನ ನಾಣ್ಯದ ಲಕೋಟೆ ಮೇಲೆ ಹೀಗಿದೆ: "1 ರೂ. 3.52 ಗ್ರಾಂ. ಕಚ್ಚು ಬಲಕ್ಕೆ. ಎದುರು ರಿಮ್ ಮಂಕು. ಅಕ್ಷರ ಹರಿದಿದೆ. ಬಾಗು ಹೊಂದುತ್ತದೆ. ಕಿರಾಣಿ ಅಂಗಡಿ, ಸಕ್ಕರೆ ತಂದ ಚಿಲ್ಲರೆ."